ನಫೂದಿನಲ್ಲಿ ಕೆಳಗಿಟ್ಟ ಬಟ್ಟಲು

ಬೇಗಂಪೇಟೆ

ನಾನು ಬಹಳ ವರ್ಷ ಮರುಭೂಮಿಯನ್ನು ಸೀಮೆಸುಣ್ಣದಲ್ಲಿ ಬರೆದವಳು. ಅಮೀರ್‌ಪೇಟ್‌ನ ಕೋಚಿಂಗ್ ಸೆಂಟರಿನಲ್ಲಿ ಸರ್ಕಾರಿ ನೌಕರಿಯ ಪರೀಕ್ಷೆಗೆ ಕೂರುವ ಹುಡುಗರಿಗೆ ಅರ್ಧ ತೆಲುಗು ಅರ್ಧ ಇಂಗ್ಲಿಷಿನಲ್ಲಿ ಭೂಗೋಳ ಹೇಳುತ್ತಿದ್ದೆ. ಮೊರಾಕ್ಕೋದಿಂದ ಇರಾನಿನವರೆಗೆ ಬೋರ್ಡಿನ ಮೇಲೆ ಉದ್ದಕ್ಕೆ ಒಂದು ಪಟ್ಟಿ ಎಳೆದು, ಒಳಗೆಲ್ಲ ಚುಕ್ಕಿ ಇಟ್ಟು, ಇದಿಷ್ಟೂ ಒಣಭೂಮಿ, ವರ್ಷಕ್ಕೆ ಇಪ್ಪತ್ತೈದು ಸೆಂಟಿಮೀಟರ್ ಮಳೆಯೂ ಇಲ್ಲ, ಜನ ಅಲೆಮಾರಿಗಳು, ಪ್ರಾಣಿ ಒಂಟೆ, ಬೆಳೆ ಖರ್ಜೂರ ಎಂದು ಹೇಳಿ ಕೈಯ ಧೂಳು ಕೊಡವಿಕೊಂಡರೆ ಪಾಠ ಮುಗಿಯಿತು. ಯಾವ ಹುಡುಗನೂ ಎದ್ದು ನಿಂತು, ಮೇಡಂ ನೀವು ನೋಡಿದ್ದೀರಾ ಎಂದು ಕೇಳಲಿಲ್ಲ. ಕೇಳಿದ್ದರೆ ಹೊರಗೆ ನಿಲ್ಲಿಸುತ್ತಿದ್ದೆನೋ ಏನೋ.

ನಿವೃತ್ತಿಯಾದ ಮೇಲೆ ನಸೀಮಾ ಕರೆದಳು. ಅವಳು ಅದೇ ಸೆಂಟರಿನಲ್ಲಿ ಚರಿತ್ರೆ ಹೇಳುತ್ತಿದ್ದವಳು, ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕದ ಕುರ್ಚಿಯವಳು. ಈಗ ಗಂಡ ಇಲಿಯಾಸ್ ಭಾಯಿಯ ಜೊತೆ ರಿಯಾದ್‌ನಲ್ಲಿದ್ದಾಳೆ. ಪ್ರವಾಸಿ ವೀಸಾ ಈಗ ಸುಲಭ, ಹೆಂಗಸರ ಜೊತೆಗೆ ಗಂಡಸು ಇರಲೇಬೇಕೆಂದೂ ಇಲ್ಲ, ಬನ್ನಿ ಮೇಡಂ, ನಿಮ್ಮ ಮರುಭೂಮಿ ತೋರಿಸುತ್ತೇನೆ ಎಂದಳು. ಅವಳ ಧಾಟಿ ನೋಡಿದರೆ ಮರುಭೂಮಿಯನ್ನು ನಾನೇ ಅಲ್ಲಿ ಮರೆತು ಬಂದಿದ್ದೇನೆ ಅನ್ನಬೇಕು.

ನಾನು ಹೊರಟಿರುವ ಸುದ್ದಿ ಅಡುಗೆಯ ಶರಣಮ್ಮನ ಕಿವಿಗೆ ಬಿದ್ದ ದಿನ ಸಾರಿಗೆ ಎರಡು ಸಲ ಉಪ್ಪು ಬಿತ್ತು. ಶರಣಮ್ಮ ಸುರಪುರದ ಕಡೆಯವಳು. ಗಂಡ ಬಸಣ್ಣನ ಜೊತೆ ಮಾದಾಪುರದ ಗಾಜಿನ ಕಟ್ಟಡಗಳಿಗೆ ಇಟ್ಟಿಗೆ, ಸಿಮೆಂಟು ಹೊರಲು ಹೈದರಾಬಾದಿಗೆ ಬಂದವಳು. ಬಸಣ್ಣ ಎರಡು ವರ್ಷಕ್ಕೆಂದು ಸೌದಿಗೆ ಒಂಟೆ ಕಾಯಲು ಹೋದ. ಎರಡು ಹೋಗಿ ನಾಲ್ಕಾಯಿತು. ಅವನು ಹೊರಡುವಾಗ ಕಂಕುಳಲ್ಲಿದ್ದ ಮಗಳು ಈಗ ಅಂಗನವಾಡಿಗೆ ಹೋಗುತ್ತಾಳೆ. ದುಡ್ಡು ತಪ್ಪದೆ ಬರುತ್ತದೆ, ಫೋನೂ ಬರುತ್ತದೆ, ಮನುಷ್ಯ ಮಾತ್ರ ಬರುವುದಿಲ್ಲ. ಕೇಳಿದರೆ ಧಣಿ ಬಿಡುತ್ತಿಲ್ಲ ಎನ್ನುತ್ತಾನಂತೆ. ಅಲ್ಲಿ ಒಂಟೆ ಕಾಯುವವನು ಊರಿಗೆ ಹೊರಡಬೇಕಾದರೆ ಧಣಿ ಒಪ್ಪಿ ಕಳಿಸಬೇಕು ಎಂಬುದು ನನಗೂ ಗೊತ್ತಿತ್ತು.

ಶರಣಮ್ಮ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

"ಅಕ್ಕೋರೆ, ನೀವು ಅಲ್ಲಿಗೇ ಹೊಂಟೀರಿ. ಅವ್ರ ಧಣಿ ಖರೇನ ಬಿಡವಲ್ನೋ, ಇವ್ರಿಗೇ ಬರೂ ಮನಸ್ಸಿಲ್ಲೋ, ಅಷ್ಟು ತಿಳ್ಕೊಂಡು ಬರ್ರಿ. ನನಗ ಮತ್ತೇನೂ ಬ್ಯಾಡ."

ಇನ್ನೊಬ್ಬರ ಸಂಸಾರದಲ್ಲಿ ಮೂಗು ತೂರಿಸುವ ಚಟ ನನಗಿಲ್ಲ. ಸೌದಿ ಅಂದರೆ ಹುಸೇನ್ ಸಾಗರದ ಆಚೆ ದಂಡೆಯಲ್ಲ, ಆ ದೇಶದಲ್ಲಿ ನಮ್ಮ ಎಷ್ಟೋ ರಾಜ್ಯಗಳು ಹಿಡಿಸುತ್ತವೆ ಎಂದು ಪಾಠದ ಧ್ವನಿಯಲ್ಲೇ ಹೇಳಿ ನೋಡಿದೆ. ಅವಳು ಫೋನು ತೆಗೆದು, ಗಂಡ ಇರುವ ಜಾಗದ ಗುರುತನ್ನು ನಕ್ಷೆಯ ಮೇಲೆ ತೋರಿಸಿದಳು. ಸುತ್ತ ಏನೂ ಇಲ್ಲದ ಹಳದಿ ಬಯಲಿನಲ್ಲಿ ಒಂದು ಕೆಂಪು ಚುಕ್ಕೆ. ಮರುದಿನ ಒಂದು ಡಬ್ಬಿ ಶೇಂಗಾ ಹಿಂಡಿ, ಅವರ ಕಡೆಯ ಕಡಲೆಕಾಯಿ ಚಟ್ನಿಪುಡಿ, ತಂದು ನನ್ನ ಚೀಲದ ಪಕ್ಕ ಇಟ್ಟಳು. ಆಮೇಲೆ ಇಲ್ಲ ಅನ್ನುವುದು ನನ್ನಿಂದ ಆಗಲಿಲ್ಲ.

ರಿಯಾದ್

ಮರುಭೂಮಿಗೆಂದು ನಾನು ಕಟ್ಟಿಕೊಂಡದ್ದು ಹತ್ತಿ ಸೀರೆ, ಅಗಲ ಅಂಚಿನ ಟೋಪಿ, ಬಿಸಿಲಿಗೆ ಹಚ್ಚುವ ಮುಲಾಮು. ಇಳಿದಾಗ ಹಲ್ಲು ಕಟಕಟ ಅನ್ನುವ ಚಳಿ. ಒಣಭೂಮಿಯಲ್ಲಿ ಚಳಿಗಾಲವೂ ಬಿರುಸು ಎಂದು ನಾನೇ ನೂರಾರು ಹುಡುಗರಿಗೆ ಬರೆಸಿದ್ದೇನೆ; ಚೀಲ ಕಟ್ಟುವಾಗ ಒಂದಕ್ಷರ ನೆನಪಾಗಲಿಲ್ಲ. ನಸೀಮಾ ಬಿದ್ದು ಬಿದ್ದು ನಕ್ಕು, ತನ್ನ ಅತ್ತೆಯ ಹಳೆಯ ಫರ್ವಾ ತೊಡಿಸಿದಳು. ಅದು ಕುರಿದೊಗಲಿನ ಅಸ್ತರು ಹಾಕಿದ, ಹಿಮ್ಮಡಿವರೆಗೆ ಬರುವ ನಿಲುವಂಗಿ. ಅದನ್ನು ಹಾಕಿಕೊಂಡು ಕನ್ನಡಿ ನೋಡಿದರೆ ನನ್ನ ಮುಖ ಕಂಬಳಿಯ ಮೂಟೆಯ ಮೇಲೆ ಯಾರೋ ಮರೆತು ಇಟ್ಟಂತಿತ್ತು. ಪ್ರವಾಸವಿಡೀ ಅದರಲ್ಲೇ ಕಳೆದೆ.

ಅಲೆಮಾರಿ ಜನ ಎಂದು ಪಾಠ ಮಾಡಿದ್ದೆನಲ್ಲ, ರಿಯಾದ್‌ನಲ್ಲಿ ನನಗೆ ಕಂಡ ಅಲೆಮಾರಿಗಳೆಲ್ಲ ಹೊರದೇಶಗಳಿಂದ ದುಡಿಯಲು ಬಂದವರೇ. ರೊಟ್ಟಿ ಸುಡುವವನು ಕಾಬೂಲಿನವನು, ಕ್ಷೌರಿಕ ಮುಲ್ತಾನಿನವನು, ಔಷಧಿ ಅಂಗಡಿಯವನು ಈಜಿಪ್ಟಿನವನು, ತರಕಾರಿಯವನು ಮಲಪ್ಪುರದವನು, ಕಸ ಗುಡಿಸುವವನು ಢಾಕಾದವನು. ಆ ನೆಲದವರು ಮಾತ್ರ ಒಂದು ಕಡೆ ನೆಲೆನಿಂತು ಕಾರಿನಿಂದ ಕೆಳಗಿಳಿಯುವುದೇ ಅಪರೂಪ. ಬಥಾ ಎಂಬ ಹಳೆಯ ಪೇಟೆಯಲ್ಲಿ ಒಂದು ಗಲ್ಲಿ ಹೊಕ್ಕರೆ ತೆಲುಗು, ಇನ್ನೊಂದಕ್ಕೆ ಹೊಕ್ಕರೆ ಬಂಗಾಳಿ. ನಾನು ದಾರಿ ತಪ್ಪಿ ನಿಂತಾಗ ಒಬ್ಬ ಹುಡುಗ ನನ್ನ ಸೀರೆಯ ಅಂಚು ನೋಡಿ, "ಎಕ್ಕಡಿಕಿ ಅಮ್ಮಾ?" ಎಂದು ತೆಲುಗಿನಲ್ಲಿ ಎಲ್ಲಿಗೆಂದು ಕೇಳಿ ಬಸ್ಸಿನವರೆಗೂ ಬಂದ. ಕರೀಂನಗರದವನಂತೆ.

ಇಲಿಯಾಸ್ ಭಾಯಿಯದು ಇನ್ನೊಂದು ಬಗೆ. ಅವರು ಹೈದರಾಬಾದಿನ ಬಾರ್ಕಸ್‌ನವರು. ಅವರ ಮುತ್ತಜ್ಜ ನಿಜಾಮರ ಸೈನ್ಯಕ್ಕೆ ಸೇರಲು ಯೆಮನ್ನಿನ ಒಣಕಣಿವೆಯಿಂದ ಬಂದವರು. ಹೈದರಾಬಾದಿನಲ್ಲಿ ಜನ ಇವರನ್ನು ಅರಬ ಎನ್ನುತ್ತಿದ್ದರು, ಇಲ್ಲಿ ಹಿಂದಿ, ಅಂದರೆ ಹಿಂದುಸ್ತಾನದವರು, ಎನ್ನುತ್ತಾರೆ. ಅದರ ಬಗ್ಗೆ ಅವರಿಗೆ ಬೇಜಾರಿಲ್ಲ. ಎರಡು ಕಡೆಯ ಬಿರಿಯಾನಿಯ ಬಗ್ಗೆ ಮಾತ್ರ ಗಟ್ಟಿ ಅಭಿಪ್ರಾಯವಿದೆ, ಅದನ್ನು ಇಲ್ಲಿ ಬರೆದರೆ ನಸೀಮಾ ಮನೆಯಲ್ಲಿ ಜಗಳವಾಗುತ್ತದೆ.

ಪಕ್ಕದ ಮನೆಯ ಉಮ್ಮ್ ನಾಸಿರ್ ನಮ್ಮನ್ನು ಕಾಫಿಗೆ ಕರೆದರು. ಅಲ್ಲಿಯ ಕಾಫಿ ನಮ್ಮದಲ್ಲ. ಹಾಲಿಲ್ಲ, ಸಕ್ಕರೆಯಿಲ್ಲ, ಅರಿಸಿನದ ನೀರಿನ ಬಣ್ಣ, ಏಲಕ್ಕಿಯ ಘಮ. ಹಿಡಿಯಿಲ್ಲದ ಪುಟ್ಟ ಬಟ್ಟಲಿನ ತಳದಲ್ಲಿ ಎರಡು ಗುಟುಕು ಹಾಕಿ ಕೊಡುತ್ತಾರೆ. ಮುಗಿಸಿದೆ, ಮತ್ತೆ ಹಾಕಿದರು. ಕೊಟ್ಟದ್ದನ್ನು ಬಿಡಬಾರದು ಎಂದು ಬೆಳೆದವಳು ನಾನು, ಮತ್ತೆ ಮುಗಿಸಿದೆ, ಮತ್ತೆ ಹಾಕಿದರು. ಹೊಟ್ಟೆಯಲ್ಲಿ ಏಲಕ್ಕಿ ಕೆರೆಯಾಗುವ ಹೊತ್ತಿಗೆ ನಸೀಮಾ ನೋಡಿ, ಸಾಕಾದರೆ ಬಟ್ಟಲನ್ನು ಎರಡು ಸಲ ಅಲ್ಲಾಡಿಸಿ ವಾಪಸು ಕೊಡಬೇಕು ಮೇಡಂ, ಅಲ್ಲಾಡಿಸದಿದ್ದರೆ ಇನ್ನೂ ಬೇಕು ಎಂದು ಅರ್ಥ, ಎಂದು ಹೇಳಿಕೊಟ್ಟಳು. ಅರಬರ ಕಾಫಿಯ ರೀತಿ ಕಲಿತೆ ಎಂದು ಬೀಗಿದೆ. ನಾನು ಕಲಿತದ್ದು ಅರ್ಧ ಎಂದು ಆಮೇಲೆ ಗೊತ್ತಾಯಿತು.

ಹೈಲ್ ದಾರಿ

ಬಸಣ್ಣ ಇದ್ದದ್ದು ಉತ್ತರದ ಹೈಲ್ ಪಟ್ಟಣದ ಆಚೆ, ನಫೂದ್ ಎಂಬ ದೊಡ್ಡ ಮರಳುಗಾಡಿನ ಅಂಚಿನಲ್ಲಿ. ಹೈಲ್ ನೋಡಬೇಕಾದ ಊರೇ ಎಂದು ಇಲಿಯಾಸ್ ಭಾಯಿ ಕಾರು ತೆಗೆದರು. ಬಸಣ್ಣನ ಧಣಿ ಅಬೂ ಸಾಲೇಮ್ ಅವರಿಗೆ ಮೊದಲೇ ಫೋನು ಮಾಡಿ, ನಿಮ್ಮ ಕೆಲಸದವನ ಊರಿನ ಟೀಚರೊಬ್ಬರು ಬರುತ್ತಿದ್ದಾರೆ ಎಂದಾಗ, ಮಧ್ಯಾಹ್ನದ ಊಟಕ್ಕೆ ಬನ್ನಿ ಎಂದರಂತೆ. ಯಾಕೆ, ಏನು ಎಂದು ಕೇಳಲಿಲ್ಲವಂತೆ. ಬೆಂಗಳೂರಿನ ನನ್ನ ನೆಂಟರಾದರೆ ಎಷ್ಟು ದಿನ ಇರುತ್ತೀರಿ ಎಂಬುದನ್ನಾದರೂ ಕೇಳುತ್ತಿದ್ದರು.

ದಾರಿಯುದ್ದಕ್ಕೂ ನನ್ನ ಪಾಠ ಒಂದೊಂದೇ ಉದುರಿತು. ಬೋರ್ಡಿನ ಮೇಲೆ ನಾನು ಇಟ್ಟ ಚುಕ್ಕಿಗಳೆಲ್ಲ ಮರಳಾಗಿದ್ದವು. ಇಲ್ಲಿ ಬಹುಪಾಲು ಗರಸು, ಬೆಣಚುಕಲ್ಲು, ಬೋಳು ಬಯಲು. ಮರಳು ಆಗೊಮ್ಮೆ ಈಗೊಮ್ಮೆ ಕೆಂಪಗೆ ಅಡ್ಡ ಬಂದು ಹೋಗುತ್ತದೆ. ಒಂದು ಕಡಿದಾದ ಗೋಡೆಯಂಥ ಗುಡ್ಡದ ಕೆಳಗೆ ಚಹಾಕ್ಕೆ ನಿಂತಾಗ ಕಾಲ ಬುಡದ ಕಲ್ಲಿನಲ್ಲಿ ಕಪ್ಪೆಚಿಪ್ಪಿನ ಅಚ್ಚು ಇತ್ತು. ಸಮುದ್ರ ಅಲ್ಲಿಂದ ಎಲ್ಲಿಯೋ. ಪುಸ್ತಕದಲ್ಲಿ ಓದಿದ್ದು ಕೈಗೆ ಸಿಕ್ಕರೆ ಖುಷಿಯಾಗುತ್ತದೆ, ನಿಜ ಹೇಳುತ್ತೇನೆ, ಮಗುವಿನ ಹಾಗೆ ಕುಣಿಯಬೇಕು ಅನ್ನಿಸಿತು. ಫರ್ವಾ ಬಿಡಲಿಲ್ಲ.

ಅರ್ಧ ದಾರಿಗೆ ಮಳೆ ಬಂತು. ಟೋಪಿ, ಮುಲಾಮು ಎಲ್ಲ ಇತ್ತು, ಕೊಡೆಯೊಂದಿರಲಿಲ್ಲ. ನಮ್ಮಲ್ಲಿ ಮಳೆ ಬಂದರೆ ಅಮೀರ್‌ಪೇಟ್ ಮೆಟ್ರೋ ಕೆಳಗೆ ಮೊಣಕಾಲುದ್ದ ನೀರು ನಿಂತು ಜನ ಮುನಿಸಿಪಾಲಿಟಿಯ ಏಳು ತಲೆಮಾರಿಗೆ ಬೈಯುತ್ತಾರೆ. ಇಲ್ಲಿ ಜನ ಮನೆಯಿಂದ ಹೊರಬಿದ್ದರು. ರಸ್ತೆ ಪಕ್ಕ ಕಾರು ನಿಲ್ಲಿಸಿ, ಡಿಕ್ಕಿಯಿಂದ ಜಮಖಾನೆ ತೆಗೆದು ಹಾಸಿ, ಚಹಾದ ಫ್ಲಾಸ್ಕ್ ಇಟ್ಟುಕೊಂಡು ಇಡೀ ಸಂಸಾರ ಮಳೆ ನೋಡುತ್ತ ಕೂತಿತು. ಅಜ್ಜಿಯೊಬ್ಬರು ಅಂಗೈ ಚಾಚಿ ಹನಿ ಹಿಡಿದು ಮುಖಕ್ಕೆ ಸವರಿಕೊಂಡರು. ನೋಡಿ ನನಗೆ ಹೊಟ್ಟೆಕಿಚ್ಚಾಯಿತು.

ಇಲಿಯಾಸ್ ಭಾಯಿಗೂ ಹುಮ್ಮಸ್ಸು ಬಂದು ಕಾರನ್ನು ಒಂದು ಒಣಹಳ್ಳಕ್ಕೆ ಇಳಿಸಿದರು. ಹಳ್ಳ ಒಣಹಳ್ಳವಾಗಿರುವುದನ್ನು ಆಗಷ್ಟೇ ಬಿಟ್ಟಿತ್ತು. ಚಕ್ರ ಅಂಟುಮಣ್ಣಿನಲ್ಲಿ ಹೂತುಹೋಯಿತು. "ಮೈ ಬೋಲಿ ನಕ್ಕೋ ಕರ್ಕೆ," ನಾನು ಬೇಡ ಅಂದಿದ್ದೆ ಎಂದು ನಸೀಮಾ ಶುರುಮಾಡುವಷ್ಟರಲ್ಲಿ ಒಂದು ಪಿಕಪ್ ಬಂದು ನಿಂತಿತು. ಇಳಿದ ಮೂವರು ಯಾರು, ಎಲ್ಲಿಯವರು ಎಂದು ಒಂದು ಮಾತು ಕೇಳದೆ ಹಗ್ಗ ಕಟ್ಟಿ ಎಳೆದರು, ಒಂದು ಪೊಟ್ಟಣ ಖರ್ಜೂರ ಕೊಟ್ಟರು, ಮನೆಗೆ ಬನ್ನಿ ಎಂದು ಒತ್ತಾಯ ಮಾಡಿದರು, ನಾವು ಕೈಮುಗಿದ ಮೇಲೆ ಹೋದರು. ಉಪಕಾರ ಮಾಡಿದವರಿಗೆ ನಮ್ಮ ಊರಿನ ಹೆಸರೂ ಗೊತ್ತಾಗಲಿಲ್ಲ.

ಹೈಲ್ ಹತ್ತಿರವಾದಂತೆ ಕೆಂಪು ಗ್ರಾನೈಟಿನ ಗುಡ್ಡಗಳು ಕಾಣಿಸಿದವು. ಉರುಟು ಬಂಡೆಯ ಮೇಲೆ ಬಂಡೆ, ಈಗ ಬಿದ್ದೀತೋ ಆಗ ಬಿದ್ದೀತೋ ಎನ್ನುವ ಹಾಗೆ. ನಾನು ಹೈದರಾಬಾದಿಗೆ ಬಂದ ಹೊಸತರಲ್ಲಿ ಬಂಜಾರಾ ಹಿಲ್ಸ್ ಹೀಗೇ ಇತ್ತು. ಈಗ ಆ ಬಂಡೆಗಳೆಲ್ಲ ಜಲ್ಲಿಯಾಗಿ ಮಾದಾಪುರದ ಕಟ್ಟಡಗಳ ಹೊಟ್ಟೆ ಸೇರಿವೆ. ನಮ್ಮೂರಿನ ಗುಡ್ಡ ನೋಡಲು ಇಷ್ಟು ದೂರ ಬರಬೇಕಾಯಿತಲ್ಲ ಎಂದು ಬೇಸರವಾಯಿತು.

ನಫೂದ್

ಮರುದಿನ ಬೆಳಿಗ್ಗೆ ಹೊರಟೆವು. ಡಾಂಬರು ಮುಗಿದ ಮೇಲೆ ಮರಳು, ನಾನು ಚುಕ್ಕಿಯಿಟ್ಟ ಹಾಗೆಯೇ ಇದ್ದ ಮರಳು, ಆದರೆ ಬಣ್ಣ ಕುಂಕುಮ ಕಲಸಿದ ಹಾಗೆ. ಮಳೆಗೆ ದಿಬ್ಬಗಳ ತಪ್ಪಲಿನಲ್ಲಿ ತೆಳ್ಳಗೆ ಹಸಿರು ಬಂದಿತ್ತು. ಅಲ್ಲಿ ಕಪ್ಪು ಒಂಟೆಗಳು ಮೇಯುತ್ತಿದ್ದವು. ಒಂಟೆ ಕಪ್ಪಗೂ ಇರುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ.

ದಿಬ್ಬದ ಮೇಲಿಂದ ಒಬ್ಬ ಮನುಷ್ಯ ಇಳಿದು ಬಂದ. ಕೆಂಪು ಚೌಕಳಿಯ ತಲೆವಸ್ತ್ರ, ಮೈತುಂಬ ಉದ್ದ ಅಂಗಿ, ಕೈಯಲ್ಲಿ ಕೋಲು. ಬಾಯಿ ತೆರೆದಾಗಲೇ ಬಸಣ್ಣ ಎಂದು ತಿಳಿದದ್ದು.

"ಆರಾಮ ಇದ್ದೀರೇನ್ರಿ ಅಕ್ಕೋರೆ? ದಾರ್ಯಾಗ ತ್ರಾಸ ಆಗ್ಲಿಲ್ಲಲ್ಲ?"

ಆ ಮರಳಿನ ನಡುವೆ ಸುರಪುರದ ಮಾತು ಕೇಳಿ ನನ್ನ ಕಣ್ಣು ತೇವವಾಯಿತು. ಅವನ ಕಣ್ಣಿಗೆ ಏನೂ ಆಗಲಿಲ್ಲ. ಶೇಂಗಾ ಹಿಂಡಿಯ ಡಬ್ಬಿ ಕೊಟ್ಟೆ. ಮುಚ್ಚಳ ತೆಗೆದು ಮೂಸಿ, ಬಳ್ಳೊಳ್ಳಿ ಜಾಸ್ತಿ ಹಾಕ್ಯಾಳ ಎಂದ. ಮಗಳ ವಿಷಯ ಹೇಳಿದೆ, ಅಂಗನವಾಡಿಯಲ್ಲಿ ತೆಲುಗು ಪದ್ಯ ಹೇಳುತ್ತಾಳೆ ಎಂದೆ. ತಲೆಯಾಡಿಸಿದ. ಅಷ್ಟರಲ್ಲಿ ಒಂದು ಒಂಟೆ ಗುಂಪು ಬಿಟ್ಟು ದೂರ ಹೊರಟಿತು. ಬಸಣ್ಣ ಗಂಟಲಿನಿಂದ ಏನೋ ಒಂದು ರಾಗ ತೆಗೆದ. ಹೋಗುತ್ತಿದ್ದದ್ದು ನಿಂತಿತು, ಕತ್ತು ತಿರುಗಿಸಿತು, ನಿಧಾನಕ್ಕೆ ನಡೆದು ಬಂದು ಅವನ ಹೆಗಲಿಗೆ ಮೂತಿ ಇಟ್ಟಿತು. ಅದು ಗಬ್ಬದ ಒಂಟೆ, ಇನ್ನೊಂದು ವಾರದಲ್ಲಿ ಈಯುತ್ತದೆ, ಈ ಚಳಿಯಲ್ಲಿ ಎಲ್ಲವೂ ಒಂದಾದ ಮೇಲೊಂದು ಈಯುತ್ತವೆ, ತನ್ನನ್ನು ಬಿಟ್ಟು ಬೇರೆಯವರನ್ನು ಹತ್ತಿರ ಸೇರಿಸುವುದಿಲ್ಲ ಎಂದು ವಿವರವಾಗಿ ಹೇಳಿದ. ಹೆಂಡತಿಯ ವಿಷಯಕ್ಕಿಂತ ಇದರ ಬಗ್ಗೆ ಮಾತು ಉದ್ದವಾಯಿತು.

ಬಂದ ಕೆಲಸ ಮುಗಿಸಿಬಿಡೋಣ ಎಂದು ನೇರವಾಗಿ ಕೇಳಿದೆ. ಯಾಕ ಬರವಲ್ಲಿ ಬಸಣ್ಣ, ನಿನ್ನ ಹೇಣ್ತಿ ಕೇಳಿ ಕಳಿಸ್ಯಾಳ ಎಂದೆ. ಅವನು ಒಂಟೆಯ ಕತ್ತು ತುರಿಸುತ್ತ ಬೇರೆ ಕಡೆ ನೋಡಿದ.

"ಬಿಡಬೇಕಲ್ರಿ, ಅಕ್ಕೋರೆ."

ನನಗೆ ಅಷ್ಟು ಸಾಕಾಯಿತು. ದೂರದ ಗುಡಾರದ ಕಡೆ ನೋಡಿದೆ. ಇನ್ನೂ ಮುಖ ನೋಡದ ಆ ಧಣಿಯ ಮೇಲೆ ಸಿಟ್ಟು ನೆತ್ತಿಗೇರಿತು.

ಗುಡಾರ

ಅಬೂ ಸಾಲೇಮ್ ಎಪ್ಪತ್ತರ ಆಸುಪಾಸಿನ, ಬೆತ್ತದ ಹಾಗೆ ಸಪೂರದ ಮನುಷ್ಯ. ಬಾಗಿಲವರೆಗೆ ಬಂದು, ಎದೆಯ ಮೇಲೆ ಕೈಯಿಟ್ಟು ಸ್ವಾಗತಿಸಿದರು. ನಸೀಮಾ ಹೆಂಗಸರ ಕಡೆಗೆ ಹೋದಳು. ನನಗೆ ಹೊರದೇಶದ ಮುದುಕಿ, ಮೇಲಾಗಿ ಟೀಚರು ಎಂಬ ರಿಯಾಯಿತಿ ಸಿಕ್ಕಿ ಗಂಡಸರ ಸಾಲಿನಲ್ಲಿ ದಿಂಬು ಕೊಟ್ಟರು. ಬೆಂಕಿಯ ಸುತ್ತ ನಾನು, ಇಲಿಯಾಸ್ ಭಾಯಿ, ಅಬೂ ಸಾಲೇಮ್, ಅವರ ತಮ್ಮ, ನೆರೆಯ ಇಬ್ಬರು ಹಿರಿಯರು. ಬಸಣ್ಣ ಹಾಲಿನ ಪಾತ್ರೆ ತಂದಿಟ್ಟು ಕಂಬದ ಪಕ್ಕ ನಿಂತ.

ಅಬೂ ಸಾಲೇಮ್ ಹಿತ್ತಾಳೆಯ ಕೊಕ್ಕಿನ ಹೂಜಿ ಎಡಗೈಯಲ್ಲಿ ಹಿಡಿದು ಬಟ್ಟಲಿಗೆ ಕಾಫಿ ಸುರಿದರು. ಸುರಿದು, ತಾವೇ ಕುಡಿದರು. ಕಾಫಿಯಲ್ಲಿ ಕೇಡಿಲ್ಲ, ನಂಬಿ ಕುಡಿಯಿರಿ ಎಂದು ಅತಿಥಿಗೆ ತೋರಿಸುವ ಹಳೆಯ ಪದ್ಧತಿಯಂತೆ. ಆಮೇಲೆ ಅದೇ ಬಟ್ಟಲಿಗೆ ಮತ್ತೆ ಸುರಿದು ನನಗೆ ಕೊಟ್ಟರು.

ಅದೇ ಬಟ್ಟಲು. ತೊಳೆಯಲಿಲ್ಲ, ಒರೆಸಲಿಲ್ಲ.

ನಾನು ಓದಿದವಳು, ನಾಲ್ಕು ಜನರಿಗೆ ಹೇಳಿಕೊಟ್ಟವಳು, ಹೈದರಾಬಾದಿನಲ್ಲಿ ಎಲ್ಲರ ಮನೆಯಲ್ಲೂ ಉಂಡವಳು. ಆದರೆ ಎಂಜಲು ಎನ್ನುವುದು ಓದಿನ ಕೈಗೆ ಸಿಗುವಂಥದಲ್ಲ. ನಮ್ಮ ಮನೆಯಲ್ಲಿ ತಂಬಿಗೆಯ ನೀರನ್ನೂ ಎತ್ತಿ ಕುಡಿಯುತ್ತಿದ್ದೆವು, ಅಕ್ಕತಂಗಿಯರೂ ಒಂದೇ ಲೋಟಕ್ಕೆ ಬಾಯಿ ಹಚ್ಚಿದವರಲ್ಲ. ಬಿಸಿ ಕಾಫಿಯ ಪುಟ್ಟ ಬಟ್ಟಲನ್ನು ಎತ್ತಿ ಕುಡಿದರೆ ಮೂಗು ಸುಡುತ್ತದೆ. ಏನು ಮಾಡುವುದೆಂದು ತಿಳಿಯದೆ ಹಲ್ಲು ಕಿರಿದೆ. ಆರಲಿ, ಅಷ್ಟರಲ್ಲಿ ಇವರ ಗಮನ ಬೇರೆ ಕಡೆ ಹೋದೀತು ಎಂದು ಬಟ್ಟಲನ್ನು ಮೆಲ್ಲಗೆ ನನ್ನ ಮುಂದೆ ಜಮಖಾನೆಯ ಮೇಲೆ ಇಟ್ಟೆ.

ಅಬೂ ಸಾಲೇಮ್ ಹೂಜಿಯನ್ನು ಕೆಳಗಿಟ್ಟರು, ಉಳಿದವರಿಗೆ ಕಾಫಿ ಹಾಕಲಿಲ್ಲ. ಎಲ್ಲರ ಕಣ್ಣೂ ಆ ಬಟ್ಟಲಿನ ಮೇಲೆ. ಅವರು ಮಂಡಿ ಸರಿಮಾಡಿಕೊಂಡು ಕೂತು ಒಂದು ಮಾತು ಹೇಳಿದರು. ಇಲಿಯಾಸ್ ಭಾಯಿ ಗಾಬರಿಯಿಂದ ನನ್ನ ಕಡೆ ಬಗ್ಗಿದರು.

ಅವರು ನನ್ನ ಕಿವಿಯಲ್ಲಿ ದಖನಿಯಲ್ಲಿ ಪಿಸುಗುಟ್ಟಿದ್ದು ಇಷ್ಟು. ಕಾಫಿ ಮುಟ್ಟದೆ ಕೆಳಗಿಟ್ಟರೆ ಅತಿಥಿ ಏನನ್ನೋ ಬೇಡಲು ಬಂದಿದ್ದಾನೆ ಎಂದು ಅರ್ಥ. ಹೆಣ್ಣು ಕೇಳಲು ಬಂದವರು, ಕೊಲೆಯ ಕ್ಷಮೆ ಕೇಳಲು ಬಂದವರು ಹಾಗೆ ಇಡುತ್ತಾರೆ. ಮನೆಯವನು ನಡೆಸಿಕೊಡುತ್ತೇನೆ ಎಂದ ಮೇಲೆಯೇ ಕುಡಿಯುವುದು. "ಕುಡಿಯಿರಿ, ನೀವು ಬಂದ ಕೆಲಸ ಆಯಿತು ಎಂದುಕೊಳ್ಳಿ," ಎಂದು ಅಬೂ ಸಾಲೇಮ್ ಹೇಳಿಯಾಯಿತು. ಏನೂ ಬೇಡ ಎಂದರೆ ಕಾಫಿಯನ್ನೂ ಮನೆಯನ್ನೂ ಅವಮಾನ ಮಾಡಿದ ಹಾಗೆ. ಏನಾದರೂ ಸಣ್ಣದು ಕೇಳಿಬಿಡಿ ಆಪಾ, ಒಂದು ಬಾಟಲಿ ಹಾಲು, ಒಂಟೆಕೂದಲಿನ ಹಗ್ಗ, ಏನಾದರೂ ಎಂದರು.

ಹಾಲು ಕೇಳಬಹುದಿತ್ತು. ಕೇಳಿದ್ದರೆ ಈ ಬರಹ ಇಲ್ಲಿಗೇ ಮುಗಿಯುತ್ತಿತ್ತು. ಕಂಬದ ಪಕ್ಕ ನಿಂತ ಬಸಣ್ಣ ಕಣ್ಣಿಗೆ ಬಿದ್ದ. ಶರಣಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತದ್ದು ನೆನಪಾಯಿತು. ಎಂಜಲಿನ ಗಾಬರಿ ಹೋಗಿ ಹುರುಪು ಬಂತು. ಈ ಬಸಣ್ಣನನ್ನು ಅವನ ಹೆಂಡತಿ ಮಗಳ ಹತ್ತಿರ ಕಳಿಸಿಕೊಡಿ ಎಂದು ಹೇಳಿ ಎಂದೆ.

ಇಲಿಯಾಸ್ ಭಾಯಿ ಹೇಳಿದರು. ಅಬೂ ಸಾಲೇಮ್ ಗುಡಾರದ ತೆರೆದ ಬದಿಯಿಂದ ಹೊರಗೆ, ಮೇಯುತ್ತಿದ್ದ ಒಂಟೆಗಳನ್ನು ನೋಡಿದರು. ಅವರ ತಮ್ಮ ಏನೋ ಹೇಳಹೋದ, ಅವರು ಕೈಯೆತ್ತಿ ತಡೆದರು. ನನ್ನ ಕಡೆ ತಿರುಗಿ, ಆಯಿತು, ಕುಡಿಯಿರಿ ಎಂದರು. ನಾನು ಕಣ್ಣು ಮುಚ್ಚಿ ಅದೇ ಬಟ್ಟಲಿನಲ್ಲಿ ಕುಡಿದೆ. ಕಾಫಿ ಆರಿತ್ತು. ದೊಡ್ಡ ಕೆಲಸ ಮಾಡಿದೆ ಎಂದು ಎದೆ ಉಬ್ಬಿತು.

ಆಮೇಲೆ ಅವರು ಸಮಾಧಾನದಲ್ಲಿ ಮಾತಾಡಿದರು, ಇಲಿಯಾಸ್ ಭಾಯಿ ಒಂದೊಂದೇ ವಾಕ್ಯ ಹೇಳುತ್ತ ಹೋದರು. ಹೋದ ಬೇಸಿಗೆಯಲ್ಲಿ ಇವನಿಗೆ ಊರಿಗೆ ಹೋಗಿ ಬಾ ಎಂದೆ. ಅದರ ಹಿಂದಿನ ಬೇಸಿಗೆಯಲ್ಲೂ ಎಂದೆ. ನನ್ನ ಹೆಂಡತಿ ಈಗ ಬರಬೇಡ ಎನ್ನುತ್ತಾಳೆ ಎಂದು ಇವನೇ ಹೇಳಿದ. ಈಗ ಒಂಟೆಗಳು ಈಯುವ ಕಾಲ, ನನಗೆ ಇವನಿಲ್ಲದೆ ಆಗದ ಕಾಲ. ಇರಲಿ, ಮಾತು ಕೊಟ್ಟಾಯಿತು. ಕೊಟ್ಟದ್ದು ಅತಿಥಿಗೆ, ಇವನಿಗಲ್ಲ. ಈ ತಿಂಗಳೊಳಗೆ ಇವನ ಹೋಗುವ ವ್ಯವಸ್ಥೆ ಮಾಡುತ್ತೇನೆ.

ನಾನು ಬಸಣ್ಣನ ಕಡೆ ನೋಡಿದೆ. ಅರಬ್ಬಿ ಅವನಿಗೆ ಚೆನ್ನಾಗಿ ಬರುತ್ತಿತ್ತು, ಎಲ್ಲ ತಿಳಿದಿತ್ತು. ಖಾಲಿ ಪಾತ್ರೆ ಎತ್ತಿಕೊಂಡು ಹೊರಗೆ ಹೋದ. ನನಗೆ ನಾಚಿಕೆಯಾಯಿತು. ಊಟಕ್ಕೆ ದೊಡ್ಡ ಹರಿವಾಣದಂಥ ತಟ್ಟೆಯಲ್ಲಿ ಅನ್ನ ಬಂತು, ನನಗೆಂದು ಮಾಂಸವಿಲ್ಲದ ಒಂದು ಮೂಲೆ ಬೇರೆ ಮಾಡಿದ್ದರು. ಏನು ತಿಂದೆನೋ ನೆನಪಿಲ್ಲ.

ಹೊರಡುವಾಗ ಬಸಣ್ಣ ಕಾರಿನವರೆಗೆ ಬಂದ. ಎರಡು ಕಡೆಗೂ ಸುಳ್ಳು ಹೇಳಿದೆಯಲ್ಲೋ, ಹೇಣ್ತಿಗೆ ಧಣಿಯ ಹೆಸರು, ಧಣಿಗೆ ಹೇಣ್ತಿಯ ಹೆಸರು ಎಂದು ಸಿಟ್ಟಿನಲ್ಲೇ ಕೇಳಿದೆ. ಅವನಿಗೂ ಸಿಟ್ಟಿತ್ತು, ಆದರೆ ದನಿ ಏರಿಸಲಿಲ್ಲ.

"ಮಾದಾಪುರದಾಗ ಮುಂಜಾನಿಂದ ಸಂಜಿತನಕ ಯಾರರೆ ಒಬ್ರು ನನ್ನ ಮ್ಯಾಲ ಒದರತಿದ್ರು ಅಕ್ಕೋರೆ. ಮೇಸ್ತ್ರಿ ಒದರಾಂವ, ವಾಚ್‌ಮನ್ ಒದರಾಂವ. ಇಲ್ಲಿ ನಾ ಕರದ್ರ ಇಷ್ಟು ದೊಡ್ಡ ಜೀವ ಹೊಳ್ಳಿ ಬರ್ತಾವ. ನನಗ ಇಲ್ಲಿ ಚಲೋ ಐತಿ. ಇದನ್ನ ಹೇಣ್ತಿಗಿ ಹೆಂಗ ಹೇಳೂದ್ರಿ?"

ಮೊದಲ ವರ್ಷ ಹೋಗಬೇಕು ಅನ್ನಿಸುತ್ತಿತ್ತಂತೆ. ತಡವಾದಷ್ಟೂ ಹೋಗಲು ಹೆದರಿಕೆಯಾಯಿತಂತೆ. ಯಾತರ ಹೆದರಿಕೆ ಎಂದು ಕೇಳಿದೆ. ಅವನು ಕಾರಿನ ಗಾಜಿನ ಮೇಲಿನ ಮರಳನ್ನು ತೋಳಿನಿಂದ ಒರೆಸಿ ಹಿಂದೆ ಸರಿದು ನಿಂತ.

ವಾಪಸು ಬರುವಾಗ ಹಳೆಯ ಕೆರೆಯ ತಳವೊಂದನ್ನು ದಾಟಿದೆವು. ಪಕ್ಕದ ಬಂಡೆಯ ಮೇಲೆ ಎಷ್ಟೋ ಸಾವಿರ ವರ್ಷದ ಹಿಂದಿನವರು ದನಗಳ ಚಿತ್ರ ಕೆತ್ತಿದ್ದಾರೆ. ಆಗ ಇಲ್ಲಿ ನೀರಿತ್ತು, ಹುಲ್ಲಿತ್ತು, ದನ ಇದ್ದವು. ಬೇರೆ ದಿನವಾಗಿದ್ದರೆ ಇಳಿದು ಒಂದು ಗಂಟೆ ನೋಡುತ್ತಿದ್ದೆ. ಅಂದು ಕಾರಿನಿಂದಲೇ ನೋಡಿದೆ.

ಮತ್ತೆ ಬೇಗಂಪೇಟೆ

ವಿಮಾನದಲ್ಲಿ ಕೂತು ಶರಣಮ್ಮನಿಗೆ ಹೇಳಬೇಕಾದ್ದನ್ನು ಪಾಠದ ಹಾಗೆ ಜೋಡಿಸಿಕೊಂಡೆ. ಧಣಿ ಒಪ್ಪಿದ್ದಾನೆ, ನಿನ್ನ ಗಂಡ ಈ ತಿಂಗಳು ಬರುತ್ತಾನೆ. ಎರಡೂ ನಿಜ. ಎರಡು ನಿಜ ಹೇಳಿ ಸುಮ್ಮನಿದ್ದರೆ ಯಾರಿಗೇನು ನಷ್ಟ?

ಬೆಳಿಗ್ಗೆ ಅವಳು ಬಂದಳು. ಏನೂ ಕೇಳದೆ ಚಹಾಕ್ಕಿಟ್ಟಳು. ನಾನೇ ಹೇಳಿದೆ. ಅವಳು ಹಿಗ್ಗಲಿಲ್ಲ. ಚಹಾ ಸೋಸಿ ಲೋಟವನ್ನು ನನ್ನ ಕೈಗೆ ಕೊಟ್ಟು ಕೇಳಿದಳು.

"ಧಣಿಗೆ ಅವ್ರು ಕೇಳಿದ್ರೇನ್ರಿ ಅಕ್ಕೋರೆ, ಇಲ್ಲಾ ನೀವು ಕೇಳಿದ್ರೋ?"

ಜೋಡಿಸಿಕೊಂಡದ್ದೆಲ್ಲ ಚದುರಿತು. ಈಗಾಗಲೇ ಬಸಣ್ಣ ಇಬ್ಬರಿಗೆ ಹೇಳಿದ ಸುಳ್ಳಿಗೆ ಮೂರನೆಯದು ಸೇರಿಸುವುದು ನನ್ನಿಂದ ಆಗಲಿಲ್ಲ. ನಾನು ಕೇಳಿದೆ ಎಂದೆ. ಬಟ್ಟಲು ಕೆಳಗಿಟ್ಟದ್ದು, ಧಣಿ ಎರಡು ಸಲ ಹೋಗು ಎಂದಿದ್ದದ್ದು, ಬಸಣ್ಣ ಕಾರಿನ ಹತ್ತಿರ ಹೇಳಿದ್ದು, ಎಲ್ಲವನ್ನೂ ಹೇಳಿದೆ. ಅವನಿಗೆ ಅಲ್ಲಿ ಚಲೋ ಐತಿ ಎಂಬ ಮಾತು ಹೇಳುವಾಗ ಅವಳ ಮುಖ ನೋಡಲಾಗಲಿಲ್ಲ. ಅವಳು ಕೊತ್ತಂಬರಿ ಸೋಸುತ್ತ ಕೇಳಿದಳು. ನಡುವೆ ಒಂದೇ ಒಂದು ಸಲ, ಒಂಟಿ ಕರದ್ರ ಬರ್ತಾವೇನ್ರಿ ಎಂದಳು. ಬರುತ್ತವೆ ಎಂದೆ.

ಕೈ ತೊಳೆದುಕೊಂಡು ಬಂದು ಗಂಡನಿಗೆ ಫೋನು ಹಚ್ಚಿದಳು. ನಾನು ಎದ್ದು ಒಳಗೆ ಹೊರಟೆ. ಇರ್ರಿ, ನೀವೂ ಕೇಳ್ರಿ ಎಂದು ಫೋನನ್ನು ಜೋರು ಮಾಡಿ ಕಟ್ಟೆಯ ಮೇಲೆ ಇಟ್ಟಳು. ಅವನು ಸಿಗ್ನಲ್ಲಿಗೆ ದಿಬ್ಬ ಹತ್ತಿದ್ದನೆಂದು ಕಾಣುತ್ತದೆ, ಏದುಸಿರೂ ಗಾಳಿಯೂ ಕೇಳುತ್ತಿತ್ತು. ಅವಳು ಬೈಯಲಿಲ್ಲ, ಅಳಲಿಲ್ಲ.

"ಅಕ್ಕೋರು ಎಲ್ಲಾ ಹೇಳಿದ್ರು. ಯಾರೋ ಕಳಿಸ್ಯಾರಂತ ನೀವು ಬರಬ್ಯಾಡ್ರಿ. ಧಣಿಗೆ ನಾನೇ ಬ್ಯಾಡಂದೆ ಅಂತ ಹೇಳ್ರಿ. ಹೆಂಗೂ ಮದಲ ಹಂಗ ಹೇಳೀರಿ. ನಿಮಗ ಬರಬೇಕನಿಸಿದ್ರ ಬರ್ರಿ. ಇಲ್ಲಾಂದ್ರ ಅಲ್ಲೇ ಇರ್ರಿ, ಖರೇ ಹೇಳಿ ಇರ್ರಿ."

ಆ ಕಡೆ ಗಾಳಿ ಮಾತ್ರ ಕೇಳಿತು. ಶರಣಮ್ಮ ಫೋನನ್ನು ಮುಟ್ಟಲಿಲ್ಲ, ಕಾದಳು. ಕೊನೆಗೆ ಬಸಣ್ಣ ಕೇಳಿದ, ಕಾರಿನ ಹತ್ತಿರ ನನಗೆ ಕೇಳಿಸದಿದ್ದ ದನಿಯಲ್ಲಿ:

"ಬಂದ್ರ... ಕೂಸು ನನ್ನ ಗುರ್ತ ಹಿಡಿತೈತೇನು?"

ಹಿಡಿಯುತ್ತಾಳೆ ಎಂದು ಹೇಳಿಬಿಡಬಾರದೇ ಎಂದು ನನ್ನ ಜೀವ ಚಡಪಡಿಸಿತು.

"ಇಲ್ಲ," ಅಂದಳು ಶರಣಮ್ಮ. "ಹಿಡಿಯೂದಿಲ್ಲ. ನೀವೇ ಬಂದು ಹೇಳಬೇಕು ಆಕಿಗೆ, ನೀವು ಯಾರಂತ."